ರಸಮಟ್ಟ

ಟೇಕಲ್ ರಸ್ತೆಯ ವೆಲ್ಡಿಂಗ್ ಶಾಪಿನಲ್ಲಿ
ಮೂರು ತಿಂಗಳು ಬೆನ್ನುಹತ್ತಿ ಮಾಡಿಸಿದ ಗಾಡಿ.
ಎರಡು ಚಕ್ರ, ಒಂದು ಬಾಗಿಲು, ಸೊಳ್ಳೆಪರದೆಯ ಕಿಟಕಿ,
ಇಬ್ಬರು ಮಲಗಿದರೆ ಮಿಕ್ಕಿದ್ದು ಒಂದು ಸ್ಟೌವಿನಷ್ಟು ಜಾಗ.
ಬಣ್ಣ ಸುಗುಣಳ ಆಯ್ಕೆ, ಹಾಗಲಕಾಯಿ ಹಸಿರು.
ಜೀಪಿನ ಹಿಂದೆ ಕೊಕ್ಕೆ ಸಿಕ್ಕಿಸಿ, ಪಿನ್ನು ಇಳಿಸಿ,
ಸರಪಳಿಯನ್ನು ಎರಡೆರಡು ಸಲ ಜಗ್ಗಿ ನೋಡಿ
ಹೊರಟೆವು ಬೆಳಿಗ್ಗೆ ಆರಕ್ಕೆ,
ನನಗೆ ಅರವತ್ತೊಂದು, ಅವಳಿಗೆ ಐವತ್ತೆಂಟು.

ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ಹಾಕಿತ್ತು.
ರೈಲು ನೋಡಬೇಕಾದವರೆಲ್ಲ ನಮ್ಮನ್ನು ನೋಡಿದರು.
"ಐಸ್‌ಕ್ರೀಮಾ?" ಕೇಳಿತು ಸ್ಕೂಟರಿನ ಮೇಲಿನ ಮಗು.
"ಅಲ್ಲ ಕಂದ, ಹಾಸಿಗೆ" ಅಂದಳು ಸುಗುಣ.

ಆಗ ನಾವು ಹೋಗುತ್ತಿದ್ದುದು ಬಾಡಿಗೆ ಎತ್ತಿನಗಾಡಿಯಲ್ಲಿ,
ಚಾಂಪಿಯನ್ ರೀಫಿನ ಲೈನುಮನೆಯಿಂದ, ಮೇ ತಿಂಗಳಲ್ಲಿ, ಒಂದು ವಾರ.
ಟಾರ್ಪಾಲು, ಸೀಮೆಎಣ್ಣೆ, ಅರ್ಧ ಮೂಟೆ ಅಕ್ಕಿ,
ಮೇಲೆ ಅಂಗಾತ ಬಿದ್ದು ಆಕಾಶಕ್ಕೆ ಕಾಲೆತ್ತಿದ ಮಂಚ.
ನಮ್ಮ ನಲ್ಲಿಗೆ ನೀರು ಬರುತ್ತಿದ್ದುದು ಬೇತಮಂಗಲದ ಕೆರೆಯಿಂದ.
"ನಲ್ಲಿಯ ತವರಿಗೆ ಹೋಗ್ತಿದ್ದೀವಿ" ಅನ್ನುತ್ತಿದ್ದಳು ಅಮ್ಮ
ಬೀದಿಯಲ್ಲಿ ಯಾರು ಕೇಳಿದರೂ.

ಅಪ್ಪನಿಗೆ ಗಣಿಯೊಳಗೆ ಮರ ಕೊಡುವ ಕೆಲಸ.
ಕೆಳಗೆಲ್ಲೋ ಬಂಡೆ ಸಿಡಿದರೆ
ಮೇಲೆ ನಮ್ಮ ಗೂಡಿನ ತಟ್ಟೆಗಳು ಮಾತಾಡಿಕೊಳ್ಳುತ್ತಿದ್ದವು.
ಅಮ್ಮ ಒಲೆಯ ಮುಂದೆ ಹಾಗೇ ನಿಲ್ಲುವಳು,
ಯಾವ ಪಾಳಿ ಎಂದು ಲೆಕ್ಕ ಹಾಕುತ್ತ.
ಕೆರೆಯ ದಂಡೆಯಲ್ಲಿ ಅವನು ಮೊದಲು ಮಾಡುತ್ತಿದ್ದುದು
ಮಂಚದ ಮೇಲೆ ರಸಮಟ್ಟ ಇಟ್ಟು
ಕಾಲಿಗೆ ಕಲ್ಲು ಕೊಟ್ಟು ಕೊಟ್ಟು ಗುಳ್ಳೆಯನ್ನು ನಡುವಿಗೆ ತರುವುದು.
ಆಮೇಲೆ ಪಕ್ಕದಲ್ಲಿ ಒಂದು ಲೋಟ ತುಂಬ ನೀರು.
"ನೋಡ್ರೇ, ಅಲ್ಲಾಡ್ತಾನೇ ಇಲ್ಲ!"
ಮೂವತ್ತು ವರ್ಷ ಚಿನ್ನ ಅಗೆಯುವಲ್ಲಿ ದುಡಿದವನು
ಚಿನ್ನದ ಬಗ್ಗೆ ಒಮ್ಮೆಯೂ ಆ ದನಿಯಲ್ಲಿ ಹೇಳಿದವನಲ್ಲ.

ಏರಿಯ ಮೇಲೆ ಎದುರಿಗೆ ಟೊಮ್ಯಾಟೊ ಟ್ರ್ಯಾಕ್ಟರು.
ಹಿಂದಕ್ಕೆ ಹೋಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.
ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ,
ಬಲಕ್ಕೆ ತಿರುಗಿಸಿದರೆ ಕತ್ತರಿಯಂತೆ ಮಡಚಿಕೊಂಡಿತು.
ಹುಡುಗ ಇಳಿದು ಬಂದ, ಚಲಪತಿಯಂತೆ ಹೆಸರು.
"ಏನಕ್ಕಾ, ಮನೇನೇ ಕಟ್ಕೊಂಡು ಬಂದ್ಬಿಟ್ಟಿದ್ದೀರಾ?
ಸ್ಟೇರಿಂಗು ಕೆಳಗಡೆ ಹಿಡೀರಿ.
ಗಾಡಿ ಯಾವ್ಕಡೆ ಹೋಗ್ಬೇಕೋ ಕೈ ಆಕಡೆ."
ಎರಡು ನಿಮಿಷ, ಒಂದು ಕೈ, ಇನ್ನೊಂದರಲ್ಲಿ ಫೋನು.
ಹೋಗುವಾಗ ನಾಲ್ಕು ಟೊಮ್ಯಾಟೊ ಸುಗುಣಳ ಮಡಿಲಿಗೆ.

ಕೆರೆ ತುಂಬಿತ್ತು.
ಅದೊಂದನ್ನು ನಾವು ಅಂದುಕೊಂಡಿರಲಿಲ್ಲ.
ಒಣಗಿದ್ದರೆ ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆವು.
ಸೊಂಟದವರೆಗೆ ನೀರಲ್ಲಿ ನಿಂತಿತ್ತು ನಮ್ಮ ಹೊಂಗೆಮರ,
ಸ್ನಾನಕ್ಕಿಳಿದು ಮೇಲೆ ಬರಲು ನಾಚುವವರ ಹಾಗೆ.
"ಅಡುಗೆಮನೆ ಅಲ್ಲಿ" ಎಂದು ಸುಗುಣ ಬೆರಳು ಮಾಡಿದ ಕಡೆ
ಒಂದು ನೀರುಕಾಗೆ ಮುಳುಗಿ
ಬಹಳ ಹೊತ್ತಿನ ಮೇಲೆ, ಬೇರೆ ಎಲ್ಲೋ ಎದ್ದಿತು.

ದಂಡೆಯ ಮೇಲೇ ಗಾಡಿ ಬಿಟ್ಟೆವು.
ಬ್ಯಾಗಿನ ತಳದಿಂದ ಅಪ್ಪನ ರಸಮಟ್ಟ ತೆಗೆದೆ,
ಹಿತ್ತಾಳೆಯ ಅಂಚು, ಕೊರೆದ ಗಣಿಯ ನಂಬರು,
ಅಂದರೆ ವಾಪಸು ಕೊಡದೆ ಉಳಿಸಿಕೊಂಡದ್ದು.
ಗುಳ್ಳೆ ಸುಗುಣ ಮಲಗುವ ಕಡೆಗೆ ಓಡಿತು.
ನನ್ನ ಕಡೆಯ ಚಕ್ರದ ಕೆಳಗೆ ಒಂದು ಚಪ್ಪಡಿ,
ಅದು ಸಾಲದೆ ಚಪಾತಿಯ ಮಣೆ.
ನಡುವಿಗೆ ಬಂದು ನಿಂತಿತು.

ರಾತ್ರಿ ಸ್ಟೌವಿನ ಪಕ್ಕ ಲೋಟ ತುಂಬಿಸಿಟ್ಟೆ,
ಹೇಳಲಿಲ್ಲ ಅವಳಿಗೆ.
ಅವಳು ಮಗ್ಗುಲು ಬದಲಿಸಿದಾಗಲೆಲ್ಲ
ಸ್ಪ್ರಿಂಗು ನರಳಿ, ಗಾಡಿ ಜೋಲಿ ಹೊಡೆದು,
ಬೆಳದಿಂಗಳಲ್ಲಿ ನೀರಿನ ಮೇಲೊಂದು ಉಂಗುರ.
ಅಪ್ಪ ಇದ್ದಿದ್ದರೆ
ಚಪ್ಪಲಿಯನ್ನೂ ಹುಡುಕದೆ ಹೊರಗೆ ಓಡುತ್ತಿದ್ದ.
ನಾನು ಕೈಚಾಚಿ ಲೋಟ ಎತ್ತಿ ಕುಡಿದೆ.
ಹಳೆಯ ನಲ್ಲಿಯ ರುಚಿಯೇನೂ ಇರಲಿಲ್ಲ,
ಕ್ಯಾನಿನ ನೀರು.