ಮೂಗಿನ ಕೆಳಗ

ಮುನಿರಾಬಾದಿನ ಹಿನ್ನೀರು, ಮುಂಜಾನಿ ಏಳೂವರಿ.
ಕಾರವಾರದಿಂದ ಬಂದ ಹರಿಕಂತ್ರ ಮಾಸ್ತರ
ಮಾಸ್ಕು ನನ್ನ ಮಾರಿಗೆ ಒತ್ತಿ,
ಪಟ್ಟಿ ಹಾಕಲಾರದ ಕೈ ಬಿಟ್ಟ.
'ಮೂಗಲ್ಲಿ ಉಸಿರು ಎಳ್ಕೋ. ಹಿಡ್ಕೋ.
ಬೀಳದೆ ನಿಂತ್ರೆ ಪಾಸು.'
ಎಲ್ಲಾರ್ದೂ ನಿಂತ್ವು.
ನಂದು ಎರಡು ಎಣಿಸೂದ್ರಾಗ
ಒದ್ದಿ ಗ್ವಾಡಿಗೆ ಬಡದ ಕುಳ್ಳಿನಂಗ
ಜಾರಿ ಅಂಗೈಯಾಗ ಬಿತ್ತು.

'ಮೀಸೆ ತೆಗೀಬೇಕಲ್ಲ ಮಾರಾಯ.'

ಸುಳ್ಳು ಹೇಳಿದೆ:
'ಇದು ನಮ್ಮ ಮನಿತನದ್ದು ರೀ.
ಹರಗೋಲು ಹಾಕೂಮುಂದ ನಮ್ಮ ಮುತ್ಯಾ
ಹುಟ್ಟು ಬಿಟ್ರೂ ಮೀಸಿ ಬಿಟ್ಟಿಲ್ಲ.'
ಮುತ್ಯಾಗ ಮೀಸಿ ಇತ್ತೋ ಇಲ್ಲೋ,
ಯಾರಿಗೆ ಗೊತ್ತು. ಫೋಟೋ ಇಲ್ಲ.

ಮರುದಿನ ವ್ಯಾಸಲೀನ್ ಮೆತ್ತಿದೆ,
ರೊಟ್ಟಿಗೆ ಬೆಣ್ಣಿ ಸವರಿದಂಗ, ಕೂದಲದ ಬುಡಕ್ಕ.
ಎಂಟು ಅಡಿತನಕ ಖರೆನ ಒಂದು ಹನಿ ಇಲ್ಲ.
ಆಮ್ಯಾಲ ಒಂದು ಮೀನು ಬಂತು,
ನನ್ನ ಗಾಜಿನ ಮುಂದ ನಿಂತು
ಸಾಲಿ ಹೆಡ್‌ಮಾಸ್ತರನಂಗ ಬಾಯಿ ಆಡಿಸಿತು.
ನಕ್ಕೆ.
ನಕ್ಕರ ಗಲ್ಲ ಮಡಚತಾವ,
ಮಡಚಿದಲ್ಲೆ ನೀರಿಗೆ ಬಾಗಿಲು.
ಕಣ್ಣಮಟ ತುಂಬಿತು, ಕೆಮ್ಮಿಕೋತ ಮ್ಯಾಲ ಬಂದೆ.

ಮೂರನೇ ದಿನ ಪಟ್ಟಿ ಬಿಗಿದೆ, ತಲಿ ಸುತ್ತ ಬಾಸುಂಡಿ ಏಳೂವಂಗ.
ಸೋರೂದು ಹೆಚ್ಚಾತು.
ಭಾಳ ಬಿಗಿದ್ರ ಅಂಚು ಸೆಟಗೊಂಡು ಎದ್ದು ಕುಂಡರತೈತಿ.
ನನ್ನ ಹೆಣತಿ ಇದನ್ನ ಮೊದಲ ಹೇಳಿದ್ಲು,
ಬ್ಯಾರೆ ಸಂಗತಿಗೆ.

ಸಂಜಿಮುಂದ ಹುಲಗಿ ರೋಡಿನ
ಶೇಖಪ್ಪ ಹಡಪದನ ಖುರ್ಚಿ.
'ಪೂರಾ ಬ್ಯಾಡ. ಮೂಗಿನ ಕೆಳಗ ಒಂದು ಗೆರಿ,
ಜ್ವಾಳದ ಕಾಳಿನಷ್ಟು ಅಗಲ.'
'ಮೀಸಿಗೂ ಬದು ಹಾಕಸ್ತೀ ಏನೋ ಹುಲಿಗೆಪ್ಪ?'
ನಕ್ಕೋತ ಬಂದ ಬ್ಲೇಡು
ಎಡಗಡಿ ಹೊಳ್ಳಿ ಹತ್ರ ನಿಂತಿತು.

ಅಲ್ಲೆ, ಹುಟ್ಟುತ್ಲೆ ಸೀಳಿದ ತುಟಿ.
ಬಳ್ಳಾರಿ ದವಾಖಾನ್ಯಾಗ ಹಾಕಿದ ಆರು ಹೊಲಿಗಿ.
ಮೂಗಿನಿಂದ ಬಾಯಿಗೆ ಒಂದು ಸಣ್ಣ ಕಾಲುವಿ.
ಹದಿನಾರಕ್ಕ ಮೀಸಿ ಚಿಗತಾಗ
ಯಾರಿಗೂ ಹೇಳಲಾರದ
ಡಬ್ಬ್ಯಾಗಿನ ಸಕ್ಕರಿ ಒಂದು ಮುಕ್ಕ ತಿಂದಿದ್ದೆ.

'ಪೂರಾ ತಗಿ' ಅಂದೆ.
ಶೇಖಪ್ಪ ತಗದ. ಕನ್ನಡಿಯಾಗ ನನ್ನ ನೋಡಲಿಲ್ಲ.
ರೊಕ್ಕ ಮಾತ್ರ ಯಾವತ್ತಿನಷ್ಟ ತಗೊಂಡ,
ಅದು ಚಲೋ ಅನಸ್ತು.

ಮನಿಯಾಗ ಮಗಳು ಬೆರಳಿಟ್ಟು ಕೇಳಿದ್ಲು:
'ಅಪ್ಪಾ, ಇಲ್ಲೆ ಯಾರು ಮಡಚ್ಯಾರ?'
ಹೆಣತಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.
ಆ ರೊಟ್ಟಿ ಮಾತ್ರ ಒಂದು ಕಡೆ ತೆಳ್ಳಗಾತು.

ನಾಕನೇ ದಿನ ಮಾಸ್ಕು ನಿಂತಿತು.
ಐದು, ಆರು, ಏಳು.
ನೀರಾಗ ಇಳಿದ ಮ್ಯಾಲ
ಅದ ಕಾಲುವಿ ಹಿಡದು ಬಂತು,
ದಾರದಷ್ಟು, ತಣ್ಣಗ.
ಮಾಸ್ತರ ನನ್ನ ತುಟಿ ನೋಡಿದ, ಹೊತ್ತು ನೋಡಿದ.
'ನಂದೂ ಸೋರ್ತದೆ, ಇಪ್ಪತ್ತು ವರ್ಷದಿಂದ.
ಸೋರದ ಮಾಸ್ಕು ಅಂದ್ರೆ ಅಂಗಡೀಲಿ ನೇತಾಕಿದ್ದು.
ತಲೆ ಎತ್ತು, ಮೇಲಿನ ಅಂಚು ಒತ್ತು,
ಮೂಗಿಂದ ಊದು.'
ಹಂಗಾರ ಮೀಸಿ ಯಾಕ ತಗಿಸಿದ್ರಿ,
ಕೇಳಬೇಕಂದ್ರ ಬಾಯಾಗ ನಳಿಕಿ ಇತ್ತು.

ಈಗ ಎಡದಂಡಿ ಕಾಲುವಿ ಗೇಟಿನ ಬುಡದಾಗ
ಸೋರಿಕಿ ಹುಡುಕೂದು ನನ್ನ ಕೆಲಸ.
ಹೂಳು, ಕತ್ತಲಿ. ಕಣ್ಣು ಅಲ್ಲೆ ಸುಮ್ನ ಜೋಡಿಗೆ ಬಂದಾವ.
ಬೆರಳಿಗೆ ಗೊತ್ತಾಗತೈತಿ:
ಎಲ್ಲೆ ನೀರು ಸಣ್ಣಗ ಜಗ್ಗತೈತೋ,
ಸೆರಗು ಹಿಡದ ಕೂಸಿನಂಗ,
ಅಲ್ಲೆ ಗೇಟಿನ ರಬ್ಬರು ಹರದೈತಿ.
ಹಗ್ಗ ಎರಡು ಸಲ ಎಳದ್ರ
ಮ್ಯಾಲಿನವರು ಕಟ್ಟಿಗಿ ಹೊಟ್ಟು, ಬೂದಿ ಸುರೀತಾರ.
ಸೋರೂ ಜಾಗಾನ ಅದನ್ನ ಎಳಕೊಂಡು
ತನ್ನ ಬಾಯಿ ತಾನ ಮುಚ್ಚಿಕೋತೈತಿ.

ಮೀಸಿ ಮತ್ತ ಬರಾಕತ್ತೈತಿ. ಬರ್ಲಿ.
ವಾರಕ್ಕೊಮ್ಮೆ ಶೇಖಪ್ಪ ಬದು ತೀಡತಾನ.
ಹೊಳ್ಳಿ ಹತ್ರ ನೀರು ಬಂದು ಕುಂತಾಗ
ತಲಿ ಎತ್ತಿ, ಅಂಚು ಒತ್ತಿ,
ಊದತೀನಿ.
ಗುಳ್ಳಿ ಮ್ಯಾಲ ಹೊಕ್ಕಾವ.
ಕಟ್ಟಿಮ್ಯಾಲ ಹಗ್ಗ ಹಿಡದ ಹುಡುಗ ಅವನ್ನ ಎಣಿಸಿ
ಆರಾಮ ಅದಾನ ಅಂತ ಬರಕೋತಾನ.
ಅದರಾಗ ಉಸಿರು ಎಷ್ಟು,
ಮಾಸ್ಕು ತೊಳದದ್ದು ಎಷ್ಟು,
ಅವಗ ಗೊತ್ತಾಗೂದಿಲ್ಲ.