ಚಹರೆಪಟ್ಟಿ

ರಂಗಂಪೇಟೆಯ ಝೆರಾಕ್ಸ್ ಅಂಗಡಿ, ಪುಟಕ್ಕೆ ಮೂರು ರೂಪಾಯಿ.
ಲಂಡನ್ನಿನ ದಫ್ತರದಿಂದ ಬಂದವನು
ಮಷೀನಿನ ಬಾಯಿಂದ ಬೆಚ್ಚಗೆ ಹೊರಬಿದ್ದ:

ಕೈದಿ ನಂಬರು ನಾನೂರ ಹನ್ನೊಂದು.
ಹೆಸರು ‘ಐಲಾಪ’. ನಮ್ಮ ಹಯ್ಯಾಳಪ್ಪ,
ಗುಮಾಸ್ತನ ನಾಲಿಗೆಯಲ್ಲಿ ಹಲ್ಲು ಕಳಕೊಂಡು.
ತಂದೆ: ತಿಳಿಯದು. ಎತ್ತರ: ಐದಡಿ ಎರಡಂಗುಲ.
ಎಡ ಹುಬ್ಬಿನ ಮೇಲೆ ಹಳೆಯ ಗಾಯ.

ಆ ಗಾಯ ನಮಗೆ ಗೊತ್ತಿತ್ತು.
ಸುರಪುರದ ಕೋಟೆ ಬಾಗಿಲಲ್ಲಿ ಟೊಪ್ಪಿಗೆಯವರ ಜೊತೆ ಕಾದಿದ್ದು,
ಕುದುರೆ ಮೇಲಿನವನನ್ನು ಕೆಡವಿದ್ದು,
ಕರಿನೀರಿಗೆ ಹೋಗುವಾಗಲೂ ತಲೆ ಬಾಗದ್ದು,
ಎಲ್ಲ ಮುತ್ಯಾ ಹೇಳುತ್ತಿದ್ದ,
ರೊಟ್ಟಿಯ ತುಂಡನ್ನು ಕತ್ತಿಯಂತೆ ಬೀಸಿ.

ಅಪರಾಧದ ಕಾಲಮ್ಮಿನಲ್ಲಿ ಬೇರೆ ಇದೆ.
ರುಕ್ಮಾಪುರದ ಒಂದು ಮನೆ, ರಾತ್ರಿ.
ತಾಮ್ರದ ಹಂಡೆ ಎರಡು. ಕಂಬಳಿ ಒಂದು.
ಏಳು ವರ್ಷ, ಸಮುದ್ರದಾಚೆ.

ಹೆಂಡತಿಯ ಹೆಸರಿಗೆ ಕಾಲಮ್ಮೇ ಇಲ್ಲ.

ಆದರೆ ಅವಳು ಇದ್ದಳಲ್ಲ. ಒಲೆ ಮುಂದೆ,
ಅಪ್ಪ ಎಲ್ಲಿ ಅಂತ ಕೇಳುವ ಮೂರು ಬಾಯಿಗಳ ನಡುವೆ,
ಕದ್ದ ಹಂಡೆಯನ್ನು ದಿನಾ ಒಂದಿಷ್ಟು ಕಾಯಿಸಿ, ಬಡಿದು,
ಕತ್ತಿ ಮಾಡಿ ಅವನ ಕೈಗಿಟ್ಟವಳು.
ನೂರಾ ಅರವತ್ತು ವರ್ಷ ಕಿಲುಬು ಹತ್ತದ ಕೆಲಸ.

ದೊಡ್ಡಪ್ಪನ ಫೋನು. ಅಗಸಿಯ ಹತ್ತಿರ
ಹುತಾತ್ಮನ ಹೆಸರು ಕೆತ್ತಿಸಲು ಕಲ್ಲು ಬಂದಿದೆ, ಶಹಾಬಾದಿನದು.
‘ಏನ್ ಬರ್ದಾರ ಬ್ರಿಟಿಷರು? ಲಗೂ ಹೇಳು.’

ತಿಂಗಳು ನೋಡಿದೆ. ಜನವರಿ.
‘ಥಂಡಿ ಭಾಳ ಇತ್ತಂತ, ದೊಡ್ಡಪ್ಪ,’ ಅಂದೆ.