ಗಾಳಿಗೆ ಬಿಟ್ಟ ಜಾಗ

ಗದ್ವಾಲ ರೋಡಿನ ನಮ್ಮ ಲೇತ್ ಅಂಗಡಿಗೆ
ಟ್ರ್ಯಾಕ್ಟರಿನ ಬುಷ್ ಬರುತ್ತದೆ, ರೈಸ್‌ಮಿಲ್ಲಿನ ಶಾಫ್ಟು,
ಜಿನ್ನಿಂಗ್ ಫ್ಯಾಕ್ಟರಿಯ ಸವೆದ ರೋಲರು.
ಸಮುದ್ರ ಬಂದದ್ದು ಒಂದೇ ಸಲ.

ಅಯ್ಯಮ್ಮ ಮೇಡಂ ಅದನ್ನು
ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿ ತಂದಿದ್ದರು:
ಒಂದು ಚಕ್ರ, ಒಳಗೆ ನಾಲ್ಕು ಕಿಂಡಿ,
ತಳ ದಪ್ಪ, ತಲೆ ಹಗುರ, ನೆತ್ತಿಗೊಂದು ಉಂಗುರ.
"ಹಿತ್ತಾಳಿದೇ ಆಗಬೇಕ್ರಿ. ಎರಡು ಕಿಲೋ."
ಇಷ್ಟೊಂದು ಕಡಿದು ತೆಗೆದರೆ ಲುಕ್ಸಾನಲ್ಲವೇ, ಎಂದೆ.
"ಗಾಳಿ ಹಾಯಬೇಕಲ್ರಿ. ಹಡಗಿನ ಮ್ಯಾಲೆ ಹಿಡಿಯೂದು.
ಕಿಂಡಿ ಇಲ್ಲಂದ್ರ ಮೊರದಂಗ ಹಾರಾಡ್ತದ."

ನಾನು ಕಂಡ ದೊಡ್ಡ ನೀರೆಂದರೆ ದೇವಸೂಗೂರಿನ ಕೃಷ್ಣೆ,
ಅದೂ ಬೇಸಗೆಯಲ್ಲಿ, ಬಂಡೆ ಎಣಿಸುವಷ್ಟು.
ಮೇಡಂ ಹೇಳುತ್ತ ಹೋದರು:
ಸ್ಪೇನಿನಲ್ಲಿ ಸೆವಿಯಾ ಎಂಬ ಊರು,
ಪರೀಕ್ಷೆ ಪಾಸಾಗದೆ ಚುಕ್ಕಾಣಿ ಮುಟ್ಟುವಂತಿಲ್ಲ.
ನಡುಹಗಲು, ಅಲುಗುವ ಹಲಗೆಯ ಮೇಲೆ
ಒಬ್ಬ ಉಂಗುರ ಹಿಡಿದು ನಿಲ್ಲುತ್ತಾನೆ,
ಒಬ್ಬ ಮುಳ್ಳು ತಿರುಗಿಸುತ್ತಾನೆ,
ಇನ್ನೊಬ್ಬ ಅಂಕಿ ಓದುತ್ತಾನೆ.
ಮೂವರೂ ವಾಂತಿ ತಡೆದುಕೊಂಡು.

ಕೋಲೂ ಇತ್ತಂತೆ. ಉದ್ದದ್ದೊಂದು, ಅದರ ಮೇಲೆ ಜಾರುವ ಅಡ್ಡದ್ದೊಂದು.
ತುದಿ ಕಣ್ಣಿಗಿಟ್ಟು ನಕ್ಷತ್ರಕ್ಕೆ ಗುರಿ.
ರಾತ್ರಿ ಧ್ರುವಕ್ಕೆ ಅದು ಬಲು ಚೆಂದ
(ನಮ್ಮೂರಲ್ಲಿ ಧ್ರುವ ಹದಿನಾರು ಗೀಟಷ್ಟೇ ಮೇಲೆ,
ಕೋಟೆ ಗುಡ್ಡದ ಭುಜಕ್ಕೆ ಒರಗಿದ ಹಾಗೆ).
"ಹಗಲು ಅದರಾಗ ಸೂರ್ಯನ್ನ ನೋಡಿ ನೋಡಿ
ಒಂದು ಕಣ್ಣು ಹೋಗ್ತಿತ್ತಂತ ಹೇಳ್ತಾರ."

ನಾನು ಲೇತ್ ಬಂದ್ ಮಾಡಿದೆ.
ಮೂಲೆಯ ಸ್ಟೂಲಿನ ಮೇಲೆ ಅಬ್ಬಾ.
ಮೂವತ್ತು ವರ್ಷ ವೆಲ್ಡಿಂಗು,
ಕರಿಗಾಜು ಒಡೆದ ದಿನವೂ ಯಾರದೋ ಗೇಟು ಅರ್ಜೆಂಟು.
ರಾತ್ರಿ ಆಲೂಗಡ್ಡೆಯ ಹೋಳು ರೆಪ್ಪೆಗಿಟ್ಟುಕೊಂಡು
ಗೋಡೆಗೆ ತಿರುಗಿ ಮಲಗುತ್ತಿದ್ದರು.
ಎಡಗಣ್ಣು ಈಗ ಮಜ್ಜಿಗೆಯ ಬಣ್ಣ.

"ಈ ಚಕ್ರದಾಗ ನೋಡೂದು ಬ್ಯಾಡೇನವ್ವ?"
"ಬ್ಯಾಡಜ್ಜ. ಮ್ಯಾಲಿನ ತೂತಿನ ಬೆಳಕು
ಕೆಳಗಿನ ತೂತಿನ ಮ್ಯಾಲೆ ಬಿದ್ರ ಸಾಕು.
ತಲಿ ತಗ್ಗಿಸಿ ಅದನ್ನಷ್ಟು ನೋಡೂದು."
ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು
ಉಳಿ ಕೊಡು ಎಂದರು.

ತೊಂಬತ್ತು ಗೀಟು. ಮೂರು ದಿನ.
ಹೆಬ್ಬೆರಳಿನ ಉಗುರಲ್ಲಿ ತಡವಿ ತಡವಿ ಕೊರೆದರು.
ಅರವತ್ತೊಂದನೆಯದು ತುಸು ಸೊಟ್ಟ.
ತಿದ್ದಲು ಮೇಡಂ ಬಿಡಲಿಲ್ಲ.

ಮೇ ಮೊದಲ ವಾರ ಸೂರ್ಯ
ರಾಯಚೂರಿನ ನೆತ್ತಿಗೇ ಬಂದು ನಿಲ್ಲುವ ದಿನ
ಶಾಲೆಯ ಮಾಳಿಗೆ ಹತ್ತಿದೆವು.
ಕೊಡೆಗಂಬಿಗೆ ನೆರಳಿಲ್ಲ, ಬಕೀಟಿಗೆ ನೆರಳಿಲ್ಲ.
ಉಂಗುರ ಹಿಡಿದೆ. ಮುಳ್ಳು ನೆಟ್ಟಗೆ ನಿಂತಿತು.
ತೂತಿಗೆ ಮಾತ್ರ ಬೆಳಕಿಲ್ಲ.
ತಿರುಗಿಸಿದೆ, ಒರೆಸಿದೆ, ಬೈದೆ.
ಮಕ್ಕಳಲ್ಲೊಂದು ಹುಡುಗಿ ಹೇಳಿತು:
"ಅಂಕಲ್, ನಿಮ್ಮ ಕೈನೇ ಅಡ್ಡ ಐತಿ."

ಹೌದು. ಬೇರೆಲ್ಲ ಬಿಸಿಲಿಗೆ ಅಳತೆಯಿತ್ತು.
ನಮ್ಮ ಮೇಲೇ ಬಂದು ನಿಂತದ್ದಕ್ಕೆ
ಹಿಡಿದ ಮುಷ್ಟಿಯೇ ಮೋಡ.

ಅಬ್ಬಾ ನಗುತ್ತ ನೆಲ ತೋರಿಸಿದರು:
ಅಷ್ಟು ದೊಡ್ಡ ಚಕ್ರ, ನಾಲ್ಕು ಕಿಂಡಿ,
ಕಾದ ಸಿಮೆಂಟಿನ ಮೇಲೆ ಕರಗಿ
ಬರೀ ಒಂದು ಗೀಟಾಗಿತ್ತು.
ಬಗ್ಗಿ, ಅದರ ಮೇಲೆ ಉಗುರಾಡಿಸಿದರು.

ಕಡಿದ ನಾಲ್ಕು ತುಂಡು ಡ್ರಾಯರಿನಲ್ಲಿಟ್ಟಿದ್ದೆ.
ಒಂದು ಸಿರವಾರದ ಪಂಪಿಗೆ ಬುಷ್ ಆಯಿತು.
ಮೂರು ಉಳಿದಿವೆ.